ಕಪ್ಪೆ ವರಹ

ಹಿರಿಯೂರು,
೬ ಆಗಸ್ಟ್ ೧೯೬೪, ಗುರುವಾರ

ನಮ್ಮ ಪುಟ್ಟಕ್ಕನ ಅವ್ವನಿಗೆ, ಹದಿನೈದು ದಿನದಿಂದ ಅಜ್ಜಿಯೂ ಆಗಿರುವವಳಿಗೆ, ಹಾಲಸ್ವಾಮಿ ಮಾಡುವ ಆಶೀರ್ವಾದಗಳು.

ಮೊದಲು ನಿನ್ನ ಆರೋಗ್ಯ. ಮಂಡಿ ನೋವು ಹೇಗಿದೆ? ಆ ತಗ್ಗು ಬಾಗಿಲಿನ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಬಗ್ಗಿ ಏಳುತ್ತೀಯೋ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಬಾಣಂತಿಗೆ ಬಡಿಸಿ ತಳದ ಸೀಕು ಕೆರೆದುಕೊಂಡು ತಿನ್ನುತ್ತಿದ್ದೀಯಾ? ಪುಟ್ಟಕ್ಕನಿಗೆ ಜ್ವರ ಬಿಟ್ಟಿತೇ, ಹಾಲು ಇಳಿಯಿತೇ, ಬೆಳ್ಳುಳ್ಳಿ ಹುರಿದು ಕೊಡುತ್ತಿದ್ದೀಯಾ? ಕೂಸಿನ ಮೈ ಬೆಚ್ಚಗಿದೆಯೇ, ಹತ್ತಿ ಬತ್ತಿಯಿಂದ ಹಾಲು ಹಿಂಡಿದರೆ ನುಂಗುತ್ತದೆಯೇ, ಅಂಗೈ ಬಿಚ್ಚುತ್ತದೆಯೇ? ಇಲ್ಲಿ ನಾನು ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನೀನು ಬಸ್ಸು ಹತ್ತಿದ ದಿನದಿಂದ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಅಂಗಡಿಯ ಒಳಗೆ ಹೋಗಿ, ಮಡಿಸಿದ ಕಂಬಳಿಯನ್ನೇ ಮತ್ತೆ ಮಡಿಸುತ್ತಾ ನಿಂತುಬಿಡುತ್ತೇನೆ. ಕಾಗದವಾದರೆ ಅವನು ಜಗಲಿಯ ಮೇಲೆ ಎಸೆದು ಹೋಗುತ್ತಾನೆ. ತಂತಿಯಾದರೆ ಹೆಸರು ಹಿಡಿದು ಕೂಗುತ್ತಾನೆ. ಇಲ್ಲಿಯವರೆಗೆ ಕೂಗಿಲ್ಲ.

ಅಳಿಯಂದಿರೇ, ನಿಮ್ಮ ಅತ್ತೆಗೆ ಓದು ಬರುವುದಿಲ್ಲವಾದ್ದರಿಂದ ಈ ಕಾಗದ ನಿಮ್ಮ ಬಾಯಿಂದಲೇ ಅವಳ ಕಿವಿಗೆ ಹೋಗಬೇಕು. ನಿಮ್ಮ ರಾಮಗಿರಿ ಸ್ಟೇಷನ್ನಿನಲ್ಲಿ ರೈಲು ಬರುವ ಹೊತ್ತು ನೋಡಿಕೊಂಡು, ಬಿಡುವಾಗಿ ಕೂತು ಓದಿ. ನಿಮ್ಮ ವಿಷಯ ಬಂದ ಕಡೆ ನುಂಗಬೇಡಿ, ನನ್ನ ವಿಷಯ ಬಂದ ಕಡೆ ಸೇರಿಸಬೇಡಿ. ನೀವು ಬರೆದ ಕಾಗದ ಮಂಗಳವಾರ ತಲುಪಿತು. ಅದರಲ್ಲಿ ನಿಮ್ಮದು ಅರ್ಧ, ನಿಮ್ಮ ಅತ್ತೆ ಹೇಳಿ ಬರೆಸಿದ್ದು ಅರ್ಧ. ಅವಳ ಅರ್ಧ ಎಲ್ಲಿಂದ ಎಂದು ಗುರುತು ಹಿಡಿಯಲು ಕಷ್ಟವಾಗಲಿಲ್ಲ, ಅಲ್ಲಿಂದ ಬೈಗುಳ ಶುರುವಾಗುತ್ತದೆ.

ಬೈಗುಳವೆಂದು ನಾನು ಬೇಸರ ಮಾಡಿಕೊಂಡಿಲ್ಲ, ಪುಟ್ಟಕ್ಕನವ್ವ. ನೀನು ಎದುರಿಗೇ ನಿಂತು ಹೇಳಿದ ಹಾಗಿತ್ತು. 'ಕೂಸು ಅಳಾದೇ ಇಲ್ಲ. ಬೆಕ್ಕಿನ ಮರಿಯಂಗೆ ಮುಲುಗ್ತೈತೆ ಅಷ್ಟೇ. ನಿಮ್ ಪೆಟ್ಟಿಗ್ಯಾಗಿನ ಹಳೇ ವರಹ ಒಂದು ಕಳಿಸ್ರಿ, ತೇಯ್ದು ನೆಕ್ಕುಸ್ಬೇಕು. ಹೊಸ ಉಂಗ್ರ ತೇಯ್ದ್ರೆ ಕಲ್ಲಿನ ಮ್ಯಾಲೆ ತಾಮ್ರ ಬರ್ತೈತೆ. ಅವನ್ನೇನು ಮೊಟ್ಟೆ ಇಡ್ತಾವೆ ಅಂತ ಇಟ್ಕಂಡಿದೀರಾ?' ಮೊದಲನೆಯ ಮಾತಿನ ಮೇಲೆ ನನಗೆ ಕಣ್ಣು ನಿಲ್ಲಿಸಲಾಗಲಿಲ್ಲ. ಬೇಗ ಮುಂದಕ್ಕೆ ಹೋಗಿ ಮೊಟ್ಟೆಯ ಮಾತಿಗೆ ನಕ್ಕೆ. ಏಳು ತಿಂಗಳಿಗೆ ಹುಟ್ಟಿದ್ದು ಉಳಿದರೂ ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಬೀದಿಯ ಹೆಂಗಸರೆಲ್ಲ ಹೇಳುವುದನ್ನು ಕೇಳಿ ಕೇಳಿ ನನ್ನ ಕಿವಿ ಹಣ್ಣಾಗಿದೆ. ಪಕ್ಕದ ಮನೆಯ ಹನುಮಮ್ಮ ಮೊನ್ನೆ ಜಗಲಿಯ ಮೇಲೆ ಕೂತು ಅದನ್ನೇ ಶುರುಮಾಡಿದಾಗ, ನೀನು ಎಷ್ಟನೇ ತಿಂಗಳಿಗೆ ಹುಟ್ಟಿದೆಯವ್ವ, ಬಾಯಿ ಮಾತ್ರ ಪೂರ್ತಿ ಬೆಳೆದೈತೆ ಎಂದುಬಿಟ್ಟೆ. ಆವತ್ತಿನಿಂದ ಅವಳ ಮನೆಯ ಮಜ್ಜಿಗೆ ನಮ್ಮ ಮನೆಗೆ ಬರುತ್ತಿಲ್ಲ. ನೀನು ಬಂದು ರಾಜಿ ಮಾಡಿಸಬೇಕು.

ತೇಯುವುದಕ್ಕೆ ನನ್ನ ತಕರಾರೇನೂ ಇಲ್ಲ. ನಮ್ಮವ್ವ ನನಗೆ ಬಜೆಯ ಜೊತೆ ಚಿನ್ನ ತೇಯ್ದು ನಾಲಗೆಗೆ ಸವರಿದ್ದಳಂತೆ, ನೀನು ಪುಟ್ಟಕ್ಕನಿಗೆ ನಿನ್ನ ಗುಂಡಿನ ಸರದ ಒಂದು ಗುಂಡು ತೇಯ್ದದ್ದನ್ನು ನಾನೇ ನೋಡಿದ್ದೇನೆ. ಹೊಳಲ್ಕೆರೆಯ ಡಾಕ್ಟರು ಬೆಚ್ಚಗಿಡಿ, ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಬೇಡಿ ಎಂದು ಹೇಳಿದ್ದಾರೆಂದು ಅಳಿಯಂದಿರು ಬರೆದಿದ್ದಾರೆ. ಅವರು ಓದಿದವರು, ಅವರ ಮಾತನ್ನು ಮೀರುವುದು ಹೇಗೆ? ನೀನು ಒಬ್ಬಳನ್ನು ಹೆತ್ತು ಸಾಕಿದವಳು, ನಿನ್ನ ಮಾತನ್ನು ಮೀರುವುದು ಹೇಗೆ? ಯಾವುದು ಹಿಡಿಯುತ್ತದೆ ಎಂದು ಹೇಳುವ ಬುದ್ಧಿ ನನಗಿಲ್ಲ. ಆ ಚಿನ್ನ ತಾಯಿಯ ತವರಿನದ್ದೇ ಆಗಬೇಕು, ಮಂದಿಯ ಮನೆಯದ್ದನ್ನು ಬೇಡಿ ತಂದು ತೇಯಬಾರದು ಎಂಬುದನ್ನೂ ಬಲ್ಲೆ. ಆದರೆ ನಮ್ಮ ಮನೆಯಲ್ಲಿ ಹಳೆಯ ಚಿನ್ನ ಎಲ್ಲಿದೆ ಹೇಳು? ನಿನ್ನ ಗುಂಡಿನ ಸರ, ವಾಲೆ ಎಲ್ಲವೂ ಹೋದ ವರ್ಷ ಪುಟ್ಟಕ್ಕನ ಮದುವೆಗೆಂದು ಕರಗಿದವು. ಸರಕಾರದವರು ಅದೇ ವರ್ಷ ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಮಾಡಕೂಡದೆಂದು ಕಾನೂನು ತಂದರು. ಚಿನ್ನದೊಳಗೆ ತಾಮ್ರ ಸೇರಿಸಿ, ಮದುವೆಯ ಹೆಣ್ಣಿಗೆ ತೊಡಿಸಿ ಕಳಿಸಿದೆವು. ಇನ್ನುಳಿದದ್ದು ನಿನ್ನ ತಾಳಿ. ತಾಳಿ ತೇಯ್ದರೆ ಗಂಡನ ಆಯುಸ್ಸು ಸವೆಯುತ್ತದೆಂದು ನೀನು ಮುಟ್ಟುವುದಿಲ್ಲ. ಸವೆದರೆ ಸವೆಯಲಿ ತೇಯಿ ಎಂದು ಬರೆಯೋಣವೆಂದುಕೊಂಡೆ, ಆಮೇಲೆ ನೀನು ನಿಜಕ್ಕೂ ತೇಯ್ದುಬಿಟ್ಟರೆ ಎಂದು ಕೈ ಹಿಂದೆ ಬಂತು.

ಆದ್ದರಿಂದ ನನ್ನ ಪೆಟ್ಟಿಗೆಯ ಮೇಲೆ ನಿನ್ನ ಕಣ್ಣು ಬಿದ್ದದ್ದು ತಪ್ಪಲ್ಲ. ಸಂತೆಯಿಂದ ಸಂತೆಗೆ, ಹಟ್ಟಿಯಿಂದ ಹಟ್ಟಿಗೆ ಕಂಬಳಿ ಹೊತ್ತು ತಿರುಗಿದ ಇಷ್ಟು ವರ್ಷದಲ್ಲಿ ನಾನು ಬೀಡಿ ಸೇದಲಿಲ್ಲ, ಇಸ್ಪೀಟು ಮುಟ್ಟಲಿಲ್ಲ, ಹಳೇ ನಾಣ್ಯ ಕೂಡಿಡುವ ಇದೊಂದು ಹುಚ್ಚು ಹಚ್ಚಿಕೊಂಡೆ. ಯಾರದೋ ದೇವರ ಪೆಟ್ಟಿಗೆಯಲ್ಲಿದ್ದದ್ದು, ಯಾರೋ ಅಜ್ಜಿಯ ಸೆರಗಿನ ಗಂಟಿನಲ್ಲಿದ್ದದ್ದು, ಹೇಗಿದ್ದರೂ ಶರಾಫರ ಮೂಸೆಗೆ ಹೋಗುವುದಿತ್ತು, ನಡುವೆ ನಾನು ಕೈ ಚಾಚಿದೆ. ಕಾನೂನು ಬಂದಾಗ ಕಚೇರಿಗೆ ಹೋಗಿ ಎಲ್ಲವನ್ನೂ ತೂಗಿಸಿ ಬರೆಸಿಯೂ ಬಂದೆ. ಈಗ ತೇಯ್ದು ತೂಕ ಕಮ್ಮಿಯಾದರೆ ಅಧಿಕಾರಿಗೆ ಏನು ಹೇಳುವುದು, ಮೊಮ್ಮಗಳು ನೆಕ್ಕಿದಳು ಸ್ವಾಮಿ ಎನ್ನಲೇ? ನನ್ನ ಪೆಟ್ಟಿಗೆಯ ಮಡಿ ನಿನಗೆ ಗೊತ್ತು. ಕುಂಕುಮ ಹಚ್ಚುವಂತಿಲ್ಲ, ಹುಣಿಸೆಹಣ್ಣು ಹಾಕಿ ತಿಕ್ಕುವಂತಿಲ್ಲ, ಅಕ್ಕಸಾಲಿಯ ಒರೆಗಲ್ಲಿಗೆ ಮುಟ್ಟಿಸುವಂತಿಲ್ಲ. ಒಂದು ಗೀರು ಬಿದ್ದರೂ ಮುನ್ನೂರು ವರ್ಷದ ಮುಖ ಕೆಡುತ್ತದೆ. ಅದಕ್ಕೇ ನೀನು ನನ್ನನ್ನು ನಾಣ್ಯದ ಪೂಜಾರಿ ಎಂದು ಕರೆಯುವುದು.

ಬುಧವಾರ ಬೆಳಿಗ್ಗೆ ಪೆಟ್ಟಿಗೆ ತೆರೆದು ಕೂತೆ. ಯಾವುದನ್ನು ಕೊಟ್ಟರೆ ಜೀವಕ್ಕೆ ಹೆಚ್ಚು ನೋವಾಗುವುದಿಲ್ಲ ಎಂದು ನೋಡಿದೆ, ಸುಳ್ಳು ಹೇಳುವುದಿಲ್ಲ. ಸವರನ್ನುಗಳನ್ನು ಮೊದಲು ಎತ್ತಿಕೊಂಡೆ. ಅವು ಇಂಗ್ಲಿಷರವು, ಸಿಕ್ಕುವಂಥವು. ಆದರೆ ಗಟ್ಟಿಯಾಗಲೆಂದು ಅವುಗಳಲ್ಲೂ ತಾಮ್ರ ಬೆರೆಸಿರುತ್ತಾರೆಂದು ಅಕ್ಕಸಾಲಿ ವೀರಾಚಾರಿ ಹಿಂದೆ ಹೇಳಿದ್ದು ನೆನಪಾಯಿತು. ಹಣ ಎನ್ನುವ ಸಣ್ಣ ಚಿನ್ನದ ನಾಣ್ಯಗಳು ತೊಗರಿಬೇಳೆಯಷ್ಟು. ತೇಯುವಾಗ ಬೆರಳಿನಿಂದ ಜಾರಿ ಹಾಲಿಗೆ ಬಿದ್ದು ಕೂಸಿನ ಗಂಟಲಿಗೆ ಹೋದರೆ ಎಂದು ಅವನ್ನೂ ಹಿಂದಕ್ಕಿಟ್ಟೆ. ಆಗ ರಾಮಟಂಕಿ ಕಣ್ಣಿಗೆ ಬಿತ್ತು. ಅಗಲವಾದದ್ದು, ಹಿಡಿಯಲು ಚೆನ್ನ, ಮೇಲೆ ರಾಮ ಲಕ್ಷ್ಮಣ ಸೀತೆ ಮೂವರೂ ಕೂತಿದ್ದಾರೆ, ಕೂಸಿಗೆ ದೇವರನ್ನೇ ನೆಕ್ಕಿಸಿದ ಹಾಗಾಯಿತು ಎಂದು ನನಗೆ ನಾನೇ ಭೇಷ್ ಎಂದುಕೊಂಡೆ. ಬಟ್ಟೆಯಲ್ಲಿ ಸುತ್ತಿ ಕಳಿಸಿಯೇಬಿಡುತ್ತಿದ್ದೆ. ಎಂಟು ತಿಂಗಳಿಗೇ ಹುಟ್ಟಿದ ಕೂಸಿನ ಬಾಯಿಗೆ ಹೋಗುವಂಥದ್ದು, ಒಂದು ಸಲ ತೋರಿಸಿಬಿಡೋಣ ಎಂದು ಮಡಿ ಮುರಿದು ವೀರಾಚಾರಿಯ ಹತ್ತಿರ ಒಯ್ದೆ.

ಅವನು ಒರೆಗೆ ಹಚ್ಚಿದ. ಕಲ್ಲು ನೋಡಿದ, ನನ್ನ ಮುಖ ನೋಡಿದ, ಅಂಚನ್ನು ಇನ್ನೊಂದು ಸಲ ಜೋರಾಗಿ ಉಜ್ಜಿದ. 'ಹಾಲಣ್ಣ, ಕುಂತ್ಕಳ್ರಿ. ಇದು ಹಿತ್ತಾಳೆ ಐತೆ. ಮ್ಯಾಲೆ ಚಿನ್ನದ ನೀರು ಕುಡಿಸ್ಯಾರೆ' ಎಂದ. ಹತ್ತು ವರ್ಷ ಹತ್ತಿಯಲ್ಲಿ ಸುತ್ತಿ ಮಲಗಿಸಿದ್ದು ಹಿತ್ತಾಳೆಯನ್ನು. ಒರೆಗೆ ಹಚ್ಚಬಾರದೆಂಬ ನನ್ನ ಮಡಿಯೇ ನನಗೆ ಟೋಪಿ ಹಾಕಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕಂಬಳಿ ಕೊಳ್ಳಲು ಬಂದವರಿಗೆಲ್ಲ ಬುದ್ಧಿ ಹೇಳುವವನು ನಾನು. ನಗಬೇಡ. ಅಳಿಯಂದಿರೂ ನಗಬೇಡಿ. ಸರಕಾರದ ಕಾಗದದಲ್ಲಿ ಆ ಹಿತ್ತಾಳೆ ಚಿನ್ನವೆಂದೇ ಕೂತಿದೆ, ಅದರ ಯೋಚನೆ ಬೇರೆ. ಆದರೆ ಅದಕ್ಕಿಂತ ಹೆಚ್ಚಾಗಿ, ನೇರವಾಗಿ ನಿನಗೆ ಕಳಿಸಿಬಿಟ್ಟಿದ್ದರೆ ನೀನು ನನ್ನ ಮಾತು ನಂಬಿ ಆ ಹಿತ್ತಾಳೆಯನ್ನೇ ತೇಯ್ದು ಕೂಸಿನ ನಾಲಗೆಗೆ ಸವರುತ್ತಿದ್ದೆಯಲ್ಲ ಎಂದು ನೆನೆದು ಅವನ ಅಂಗಡಿಯಲ್ಲೇ ಮೈ ಬೆವತುಹೋಯಿತು. ಅವನ ಹೆಂಡತಿ ನೀರು ತಂದುಕೊಟ್ಟಳು.

ಇನ್ನುಳಿದದ್ದು ಒಂದೇ. ಯಾವುದೆಂದು ನಿನಗೆ ಗೊತ್ತು, ಗೊತ್ತಿದ್ದೇ ಕೇಳಿದ್ದೀಯ ಎಂದೂ ನನಗೆ ಅನುಮಾನವಿದೆ. ಅಳಿಯಂದಿರಿಗೆ ಹೇಳಬೇಕು. ನಮ್ಮ ಚಿತ್ರದುರ್ಗದ ಪಾಳೆಯಗಾರರ ಕಾಲದ ವರಹ ಅದು, ದುರ್ಗಿ ವರಹ ಎನ್ನುತ್ತಾರೆ. ಅಂಗಿಯ ಗುಂಡಿಯಷ್ಟೇ ಇದೆ, ಆದರೆ ದಪ್ಪ. ಹೊಸದುರ್ಗದ ಆಚೆ ಒಂದು ಹಟ್ಟಿಯಲ್ಲಿ ಚಿತ್ತಮ್ಮ ಎಂಬ ಮುದುಕಿ ಅದನ್ನು ರಾಗಿ ಗುಡಾಣದ ತಳದಲ್ಲಿ ಇಟ್ಟಿದ್ದಳು, ಅದು ಇರುವ ತನಕ ಗುಡಾಣ ಬರಿದಾಗುವುದಿಲ್ಲವೆಂದು. ಪ್ರತಿ ಚಳಿಗಾಲ ನಾನು ಕಂಬಳಿ ಹೊತ್ತು ಹೋಗಿ, ಮೊದಲು ಮಜ್ಜಿಗೆ ಕುಡಿದು, ಆಮೇಲೆ ವರಹ ತೋರಿಸವ್ವ ಎನ್ನುತ್ತಿದ್ದೆ. ಅವಳು ಮೊಣಕೈವರೆಗೆ ರಾಗಿಯಲ್ಲಿ ಕೈ ಇಳಿಸಿ ತೆಗೆದು ತೋರಿಸಿ, ಮತ್ತೆ ಅಲ್ಲೇ ಹೂಳುತ್ತಿದ್ದಳು. ಎಷ್ಟೋ ಚಳಿಗಾಲ ಹೀಗೇ ಹೋಯಿತು. ಕೊನೆಗೊಂದು ವರ್ಷ, ರಾಗಿ ತುಂಬುವ ಶಕ್ತಿ ನನಗಿಲ್ಲ ಎಂದು, ಒಂದು ಕರಿ ಕಂಬಳಿ ಮತ್ತು ಮರಿ ಹಾಕಿದ ಒಂದು ಕುರಿಗೆ ಬದಲಾಗಿ ತಾನೇ ನನ್ನ ಅಂಗೈಯಲ್ಲಿಟ್ಟಳು. 'ಕರಗಿಸಬ್ಯಾಡ್ರಿ. ಮನಿ ಕಾಯ್ದೈತೆ ಇದು' ಎಂದಳು. ಕರಗಿಸುವುದಿಲ್ಲವೆಂದು ಬೀರಪ್ಪನ ಮೇಲೆ ಆಣೆ ಮಾಡಿದೆ. ಒಂದು ಕಡೆ ದೇವಿ ಕೂತಿದ್ದಾಳೆ. ನೀನು ಮೊದಲ ದಿನವೇ ಇದೇನ್ರಿ ಕಪ್ಪೆ ಕುಂತಂಗೈತೆ ಎಂದೆ. ಆವತ್ತಿನಿಂದ ನಾನು ಎಷ್ಟು ನೋಡಿದರೂ ನನಗೂ ಕಪ್ಪೆಯೇ ಕಾಣುತ್ತದೆ, ಅಷ್ಟು ಕೆಟ್ಟ ಬಾಯಿ ನಿನ್ನದು.

ಇನ್ನೊಂದು ಕಡೆ ಮೂರು ಸಾಲು ಅಕ್ಷರ. ಆ ಮೂರನೆಯ ಸಾಲೇ ಈಗ ನನ್ನ ಕೈಕಾಲು ಕಟ್ಟಿಹಾಕಿರುವುದು. ಮೈಸೂರಿನ ಪಂಡಿತರೊಬ್ಬರಿಗೆ ನಾನು ಅದರ ವಿಷಯ ಬರೆದಿದ್ದೆನಲ್ಲ, ಅಂಥ ಸಾಲನ್ನು ತಾವು ನೋಡಿದ ಯಾವ ದುರ್ಗಿ ವರಹದಲ್ಲೂ ಕಂಡಿಲ್ಲ, ಕಣ್ಣಾರೆ ನೋಡಿ ಫೋಟೋ ತೆಗೆದು ತಮ್ಮ ಪುಸ್ತಕದಲ್ಲಿ ಹಾಕುತ್ತೇನೆ ಎಂದು ಉತ್ತರ ಬರೆದಿದ್ದರು. ಅವರು ಬರುವ ಸೋಮವಾರ ಬರುತ್ತಿದ್ದಾರೆ. ಕೆಳಗೆ ಹಿರಿಯೂರಿನ ಕಂಬಳಿ ವ್ಯಾಪಾರಿ ಹಾಲಸ್ವಾಮಿಯವರ ಸಂಗ್ರಹದಿಂದ ಎಂದು ಅಚ್ಚು ಹಾಕುತ್ತಾರಂತೆ. ಪುಟ್ಟಕ್ಕನ ಲಗ್ನಪತ್ರಿಕೆ ಬಿಟ್ಟರೆ ನಮ್ಮ ವಂಶದಲ್ಲಿ ಯಾರ ಹೆಸರೂ ಎಲ್ಲೂ ಅಚ್ಚಾಗಿಲ್ಲ. ತೇಯ್ದರೆ ಹೋಗುವುದು ಒಂದು ಗೀರೋ ಎರಡು ಗೀರೋ ಎಂದು ನೀನು ಹೇಳುತ್ತೀಯ. ಆ ಅಕ್ಷರ ಇರುವುದೇ ಒಂದು ಗೀರಿನಷ್ಟು ಎತ್ತರ. ನಾಲ್ಕು ದಿನ ತೇಯ್ದರೆ ಮೂರನೆಯ ಸಾಲು ಹಾಲಿನಲ್ಲಿ ಹೋಗುತ್ತದೆ.

ಅದಕ್ಕೆ ನಾನು ಯೋಚಿಸಿದ್ದು ಹೀಗೆ. ಸೋಮವಾರ ಅವರು ಬಂದು ಹೋಗಲಿ. ಮಂಗಳವಾರ ಮೊದಲ ಬಸ್ಸಿಗೆ ನಾನೇ ವರಹ ತೆಗೆದುಕೊಂಡು ದುರ್ಗಕ್ಕೆ ಬಂದು, ಅಲ್ಲಿಂದ ಹೊಳಲ್ಕೆರೆಗೆ, ಅಲ್ಲಿಂದ ರಾಮಗಿರಿಗೆ ಸಂಜೆಯೊಳಗೆ ಬಂದುಬಿಡುತ್ತೇನೆ. ಆಮೇಲೆ ನೀನುಂಟು ನಿನ್ನ ಸಾಣೆಕಲ್ಲುಂಟು. ನಡುವೆ ಇರುವುದು ಬರೀ ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ. ಅಷ್ಟರಲ್ಲಿ ಏನಾಗುತ್ತದೆ ಎಂದು ಒಂದು ಸಾಲು ಬರೆದಿದ್ದೆ, ಬರೆದ ಮೇಲೆ ಅದನ್ನು ನೋಡಲಾಗದೆ ಹೊಡೆದುಹಾಕಿದ್ದೇನೆ. ಅಳಿಯಂದಿರು ಬೆಳಕಿಗೆ ಹಿಡಿದು ಓದಲು ಹೋಗಬೇಡಿ. ಅಷ್ಟು ದಿನ ಬೆಚ್ಚಗಿಡುವುದು ಮುಖ್ಯ. ಮರಿಗಳ ಮೊದಲ ಉಣ್ಣೆಯಲ್ಲಿ ನೇಯಿಸಿದ ಒಂದು ಸಣ್ಣ ಕಂಬಳಿ ಕಳಿಸುತ್ತಿದ್ದೇನೆ, ಅದನ್ನು ಕೆನ್ನೆಗೆ ಹಚ್ಚಿ ನೋಡಿದ್ದೇನೆ, ಒಂದು ಮುಳ್ಳೂ ಚುಚ್ಚುವುದಿಲ್ಲ. ಹಿಂಜಿದ ಉಣ್ಣೆಯನ್ನೂ ಒಂದು ಗಂಟು ಇಟ್ಟಿದ್ದೇನೆ, ತೊಟ್ಟ ಬಟ್ಟೆಯ ಹೊರಗೆ ಸುತ್ತು. ನಮ್ಮ ಜುಂಜಯ್ಯ ಉಣ್ಣೆ ಕೊಳ್ಳಲು ಈ ದಿನವೇ ಆ ಕಡೆ ಹೊರಟಿದ್ದಾನೆ, ಗಂಟನ್ನೂ ಈ ಕಾಗದವನ್ನೂ ಅವನೇ ತಂದುಕೊಡುತ್ತಾನೆ. ಅವನಿಗೆ ಊಟ ಹಾಕಿ ಕಳಿಸು, ಮುದ್ದೆ ಎರಡಕ್ಕೆ ನಿಲ್ಲಿಸಬೇಡ.

ಇಲ್ಲಿಯ ಬೇರೆ ಸುದ್ದಿ ಹೆಚ್ಚೇನಿಲ್ಲ. ವೇದಾವತಿಗೆ ಸ್ವಲ್ಪ ನೀರು ಬಂದಿದೆ. ನೀನು ಹಾಕಿದ ಅವರೆ ಬಳ್ಳಿ ಹಿತ್ತಲ ಬೇಲಿ ಹತ್ತಿದೆ. ನಾನು ಎರಡು ಹೊತ್ತೂ ಅನ್ನ ಬೇಯಿಸಿಕೊಳ್ಳುತ್ತೇನೆ, ಒಂದು ಹೊತ್ತು ಸೀಯುತ್ತದೆ. ಪುಟ್ಟಕ್ಕನಿಗೆ ಅಪ್ಪ ಕೇಳಿದ ಎಂದು ಹೇಳು, ಹೆದರಬಾರದೆಂದು ಹೇಳು, ನಾನು ಹೆದರಿದ್ದೇನೆಂದು ಹೇಳಬೇಡ. ಅಳಿಯಂದಿರಿಗೆ ಆಶೀರ್ವಾದ. ಇನ್ನೂ ಹೆಸರಿಲ್ಲದ ಆ ಪುಟ್ಟ ತಾಯಿಗೆ ಬೀರಪ್ಪನೂ ನಮ್ಮೂರಿನ ಮಲ್ಲೇಶ್ವರನೂ ಇಬ್ಬರೂ ಕಾವಲಿರಲಿ, ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು ನೋಡಿಕೊಳ್ಳಲಿ.

ಇಂತಿ ನಿನ್ನ ಮನೆಯವನು,
ಹಾಲಸ್ವಾಮಿ

ತಾ. ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಜುಂಜಯ್ಯ ಗಂಟು ತೆಗೆದುಕೊಳ್ಳಲು ಬಂದವನು ಬಾಗಿಲಲ್ಲಿ ನಿಂತು 'ಕೂಸು ಅಳ್ತೈತಾ ಹಾಲಣ್ಣ?' ಎಂದು ಕೇಳಿದ. ಇಷ್ಟುದ್ದ ಬರೆದೆ, ನಿನ್ನ ಮಂಡಿ ಕೇಳಿದೆ, ಬೆಳ್ಳುಳ್ಳಿ ಕೇಳಿದೆ, ಅಂಗೈ ಬಿಚ್ಚುತ್ತದೆಯೇ ಎಂದೂ ಕೇಳಿದೆ, ಇದೊಂದನ್ನು ಕೇಳಲಿಲ್ಲ. ಕೇಳಲು ನನಗೆ ಭಯ, ಕಾಳಕ್ಕ. ಹೆಸರು ಹಿಡಿದು ಬರೆದುಬಿಟ್ಟೆ, ಅಳಿಯಂದಿರ ಮುಂದೆ ನಿನಗೆ ನಾಚಿಕೆಯಾದರೆ ಆಗಲಿ. ವರಹ ಮಂಗಳವಾರ ಬರುವುದಿಲ್ಲ. ಈಗಲೇ ಬಂದಿದೆ, ಸಣ್ಣ ಕಂಬಳಿಯ ಕರಿ ಅಂಚಿನ ಮೂಲೆಯಲ್ಲಿ ಹೊಲಿದಿದ್ದೇನೆ, ಬಿಚ್ಚಿಕೋ. ಜುಂಜಯ್ಯನಿಗೆ ಹೇಳಿಲ್ಲ, ಹೇಳಿದರೆ ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿ ಬಸ್ಸಿನವರಿಗೆಲ್ಲ ಗೊತ್ತು ಮಾಡುತ್ತಾನೆ. ಹೊಲಿಯುವ ಮೊದಲು ವೀರಾಚಾರಿಯ ಹತ್ತಿರ ಓಡಿ ಒರೆಗೆ ಹಚ್ಚಿಸಿದೆ, ಅಪ್ಪಟ ಎಂದ. ಆಮೇಲೆ ಅದರ ಮೇಲೆ ಒಂದು ಹಾಳೆಯಿಟ್ಟು ಪೆನ್ಸಿಲಿನಿಂದ ಉಜ್ಜಿ ಗುರುತು ಇಳಿಸಿಕೊಂಡಿದ್ದೇನೆ, ಪಂಡಿತರಿಗೆ ಅದೇ. ಅವಸರಕ್ಕೆ ಮೂರನೆಯ ಸಾಲು ಸರಿಯಾಗಿ ಮೂಡಲಿಲ್ಲ. ಅಕ್ಷರದ ಕಡೆ ಬಿಟ್ಟು ಕಪ್ಪೆಯ ಕಡೆ ತೇಯಿ. ಬೇಡ, ಹಾಗೆ ನೋಡಿ ನೋಡಿ ತೇಯಲು ಹೋದರೆ ಚಿನ್ನ ಸರಿಯಾಗಿ ಇಳಿಯುವುದಿಲ್ಲ. ಯಾವ ಕಡೆಯಾದರೂ ತೇಯಿ, ಎಲ್ಲ ತೇಯ್ದರೂ ಸರಿ. ಚಿತ್ತಮ್ಮ ಕರಗಿಸಬೇಡಿ ಎಂದಳೇ ಹೊರತು ತೇಯಬೇಡಿ ಎನ್ನಲಿಲ್ಲ. ಕೂಸು ಅತ್ತ ದಿನ ಅಳಿಯಂದಿರಿಂದ ಒಂದು ಕಾರ್ಡು ಹಾಕಿಸು. ಕ್ಷೇಮಸಮಾಚಾರ ಏನೂ ಬೇಡ, ಅತ್ತಿತು ಎಂದು ಬರೆದರೆ ಸಾಕು. ಇನ್ನು ಮೇಲೆ ಅಂಚೆಯವನ ಗಂಟೆ ಕೇಳಿದರೆ ಒಳಗೆ ಹೋಗುವುದಿಲ್ಲ, ಬಾಗಿಲಲ್ಲೇ ನಿಂತಿರುತ್ತೇನೆ.